ಉದ್ದೇಶವನ್ನು ರೊಟ್ಟಿ ಬಡಿಯುವವರ ಮನೆಯಲ್ಲಿ ಹುಡುಕಿ

ನಮಸ್ಕಾರ. ನಿಮಗೆ ಹುಬ್ಬಳ್ಳಿಯಲ್ಲಿ ನೌಕರಿಯಿದೆ, ಮೂರು ಲಕ್ಷ ರೂಪಾಯಿ ಉಳಿತಾಯವಿದೆ, ಕಡಕ್ ರೊಟ್ಟಿ ಇಲ್ಲವೇ ಮೆಣಸಿನಪುಡಿಯ ವ್ಯಾಪಾರ ಮಾಡುವ ಆಸೆಯಿದೆ. ಆದರೆ ಏಕೆ ಮಾಡಬೇಕೆಂಬುದೇ ಸ್ಪಷ್ಟವಿಲ್ಲ ಎಂದು ಬರೆದಿದ್ದೀರಿ. ಕೋಣೆಯಲ್ಲಿ ಕುಳಿತು ಯೋಚಿಸಿದರೆ ಅದು ಸಿಗುವುದಿಲ್ಲ.

ಗದಗದಲ್ಲಿ ರೊಟ್ಟಿಯ ವ್ಯಾಪಾರ ಆರಂಭಿಸುವ ಮೊದಲು ನಾನು ಎರಡು ತಿಂಗಳು ಪ್ರತಿ ಭಾನುವಾರ ರೊಟ್ಟಿ ಬಡಿಯುವ ಅಕ್ಕಂದಿರ ಮನೆಗಳಿಗೆ ಹೋಗಿ ಕೂರುತ್ತಿದ್ದೆ. ನಸುಕಿನಿಂದ ಒಲೆಯ ಮುಂದೆ ಬೆಂದವರಿಗೆ ಹಣ ಸೇರುತ್ತಿದ್ದದ್ದು ತಿಂಗಳ ಮೇಲೆ, ಅದೂ ಮುರಿದ ರೊಟ್ಟಿಯ ಲೆಕ್ಕ ಕಳೆದು! ಅಂದಿನ ದುಡಿಮೆಯ ಹಣ ಅಂದೇ ಅವರ ಕೈಗೆ ಬೀಳಬೇಕು ಎಂಬ ಹಟ ನನ್ನಲ್ಲಿ ಹುಟ್ಟಿದ್ದು ಅಲ್ಲಿಯೇ. ಲಾಭವೇ ಕಾಣದ ಮೊದಲ ಮಳೆಗಾಲದಲ್ಲಿ ಅಂಗಡಿ ಮುಚ್ಚದಂತೆ ನನ್ನನ್ನು ತಡೆದದ್ದು ಆ ಹಟ.

ನಮ್ಮ ಪಕ್ಕದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿದರಲ್ಲ, ಅದರ ಹಿಂದೆಯೂ ಸಾಲದಲ್ಲಿ ಸಿಲುಕಿದ ರೈತರ ಸಂಕಟವಿತ್ತು.

ಮೆಣಸಿನಪುಡಿಯತ್ತ ಮನಸ್ಸು ಹೆಚ್ಚು ಎಳೆಯುತ್ತಿದ್ದರೆ ಫೆಬ್ರುವರಿಯಲ್ಲಿ ಬ್ಯಾಡಗಿ ಮಾರುಕಟ್ಟೆಗೆ ಹೋಗಿ. ಡಬ್ಬಿ, ಕಡ್ಡಿ ಎಂಬ ಎರಡು ಬಗೆಯ ಮೆಣಸಿನಕಾಯಿಗೆ ಬೆಲೆ ಏಕೆ ಬೇರೆ ಎಂದು ಚೀಲದ ಪಕ್ಕ ನಿಂತ ರೈತರನ್ನೇ ಕೇಳಿ. ಅವರು ಮಾತನಾಡುವಾಗ ದರದ ಜೊತೆಗೆ ಬೇರೆ ಏನೇನನ್ನೋ ಹೇಳುತ್ತಾರೆ; ಅದನ್ನು ಗಮನವಿಟ್ಟು ಕೇಳಿಸಿಕೊಳ್ಳಿ.

ನೌಕರಿಯನ್ನು ಈಗಲೇ ಬಿಡಬೇಡಿ. ಗದಗದ ಕಡೆ ಬಂದಾಗ ತಿಳಿಸಿ, ಆ ಅಕ್ಕಂದಿರ ಮನೆಗೆ ನಾನೇ ಕರೆದೊಯ್ಯುತ್ತೇನೆ.