ಕಪಾತು ಮಾಡುವಾಗ ಕೈಗೆ ಗಾಯವಾಗಿ ಕೀವು ತುಂಬಿದರೆ ಕಂಕುಳಲ್ಲಿ ಗಂಟು ಏಳುವುದು ಯಾಕೆ?

ಕಾಫಿ ತೋಟದವರಿಗೆ ಇದು ಹೊಸದಲ್ಲ, ಅಲ್ವಾ? ಆ ಗಂಟು ಮೊದಲಿಂದಲೂ ಅಲ್ಲೇ ಇರುವ ದುಗ್ಧಗ್ರಂಥಿ (ಲಿಂಫ್ ನೋಡ್, ರೋಗ ತಡೆಯುವ ಕೋಶಗಳು ಸೇರುವ ಜಾಗ), ಈಗ ಊದಿದೆ ಅಷ್ಟೆ.

ಚರ್ಮದಲ್ಲಿ ರೆಂಬೆಗಳ ಹಾಗೆ ಕೈ ಚಾಚಿಕೊಂಡ ಡೆಂಡ್ರೈಟಿಕ್ ಕೋಶಗಳಿವೆ (1973ರಲ್ಲಿ ಇವನ್ನು ಗುರುತಿಸಿದ ರಾಲ್ಫ್ ಸ್ಟೈನ್‌ಮನ್‌ಗೆ 2011ರಲ್ಲಿ ನೊಬೆಲ್ ಬಂತು). ಗಾಯಕ್ಕೆ ಹೊಕ್ಕ ಬ್ಯಾಕ್ಟೀರಿಯಾವನ್ನು ನುಂಗಿ, ಅರಗಿಸಿ, ಅದರ ಪ್ರೋಟೀನಿನ ಚೂರುಗಳನ್ನು ಮೈಮೇಲೆ ಹೊತ್ತುಕೊಂಡು ಇವು ದುಗ್ಧನಾಳದಲ್ಲಿ ಕಂಕುಳಿಗೆ ಬರುತ್ತವೆ. ಅಲ್ಲಿ ಓಡಾಡುವ ಟಿ ಕೋಶಗಳಲ್ಲಿ (ರೋಗಾಣುಗಳ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ) ಆ ಚೂರಿಗೆ ಹೊಂದುವಂಥದ್ದು ಬಲು ಅಪರೂಪ. ಸಿಕ್ಕರೆ ಅದು ಒಂದಕ್ಕೆರಡಾಗಿ ಬೆಳೆಯುತ್ತಾ ಹೋಗುತ್ತದೆ, ಗಂಟು ಊದುವುದಕ್ಕೆ ಇದೂ ಒಂದು ಕಾರಣ.

ಮಜಾ ಇರುವುದು ಮುಂದೆ. ಸುಮ್ನೆ ಚೂರು ತೋರಿಸಿದರೆ ಸಾಲದು. ಡೆಂಡ್ರೈಟಿಕ್ ಕೋಶದ ಮೈಮೇಲಿನ ಸಿಡಿ80, ಸಿಡಿ86 ಎಂಬ ಪ್ರೋಟೀನುಗಳು ಕೊಡುವ ಎರಡನೇ ಸಂಕೇತವೂ ಬೇಕು, ಅದು ಜಾಸ್ತಿಯಾಗುವುದು ಅಪಾಯದ ಸುಳಿವು ಸಿಕ್ಕಾಗ. ಅದಿಲ್ಲದಿದ್ದರೆ ಟಿ ಕೋಶ ತಣ್ಣಗಾಗುತ್ತದೆ. ನಮ್ಮ ಮೈಮೇಲೇ ಅದು ಎರಗದಿರಲು ಇದು ಸಹಾಯ. ಆಮೇಲೆ ಟಿ ಕೋಶ ಯಾವ ಬಗೆಯದಾಗಬೇಕು ಎಂದು ಹೇಳುವುದು ಡೆಂಡ್ರೈಟಿಕ್ ಕೋಶ ಬಿಡುವ ರಾಸಾಯನಿಕ: ಐಎಲ್-12 ಆದರೆ ಕೋಶದೊಳಗೆ ಅಡಗುವ ರೋಗಾಣು ಹಿಡಿಯುವ ಟಿಎಚ್1, ಐಎಲ್-23 ಇದ್ದರೆ ಹೊರಗಿನ ಬ್ಯಾಕ್ಟೀರಿಯಾ, ಶಿಲೀಂಧ್ರಗಳಿಗೆ ಟಿಎಚ್17.

ಗಂಟು ವಾರಗಟ್ಟಲೆ ಇಳಿಯದಿದ್ದರೆ ಅಥವಾ ಜ್ವರ ಬಂದರೆ ಮಡಿಕೇರಿಗೋ ವಿರಾಜಪೇಟೆಗೋ ಹೋಗಿ ಡಾಕ್ಟರಿಗೆ ತೋರಿಸಿ.