ಕಪ್ಪೆ ಮೇಲೆ ಯಾಕೆ ಸಿಟ್ಟು?

ಮೇಡಂ, ನಿಮ್ಮ ಪತ್ರ ಎರಡು ಸಲ ಓದ್ದೆ. ಮೊದಲ ಸಲ ಸ್ವಲ್ಪ ಸಿಟ್ಟು ಬಂತು, ಎರಡನೇ ಸಲಕ್ಕೆ ಅರ್ಧ ನಿಮ್ಮದೇ ಸರಿ ಅನ್ನಿಸ್ತು. ಕ್ಯಾಲಿಫೋರ್ನಿಯಾದ ಸೊಪ್ಪಿನ ಹೊಲಗಳ ಸುತ್ತ ರೋಗದ ಭಯಕ್ಕೆ ಕಪ್ಪೆ ಮೊಲಗಳ ನೆಲೆ ಕಡಿದ ಬಗ್ಗೆ ಕಳೆದ ಸಂಚಿಕೇಲಿ ನಾವು ಹಾಕಿದ್ದ ಲೇಖನ ಓದಿ ಕೇಳಿದೀರಿ: ಸೊಪ್ಪು ತಿಂದು ಜನ ಸತ್ತಿರೋವಾಗ ನಿಮಗೆ ಕಪ್ಪೆ ಮೊಲದ್ದೇ ಚಿಂತೆನಾ, ಮತ್ತೆ ಸಣ್ಣ ರೈತರಿಗೆ ಕಾನೂನಿಂದ ವಿನಾಯಿತಿ ಕೊಟ್ರೆ ಬ್ಯಾಕ್ಟೀರಿಯಾ ಏನು ಎಕರೆ ಲೆಕ್ಕ ನೋಡ್ಕೊಂಡು ಬರುತ್ತಾ?

ಎರಡನೇದು ಮೊದಲು. ನೋಡಲ್ಲ ಮೇಡಂ, ಸಣ್ಣ ಹೊಲ ಅಂದ್ರೆ ಸೇಫ್ ಅನ್ನೋ ಥರ ನಾವು ಬರೆದಿದ್ದು ತಪ್ಪು. 2011ರಲ್ಲಿ ಅಮೆರಿಕದಲ್ಲಿ ಬಂದ ಫುಡ್ ಸೇಫ್ಟಿ ಕಾನೂನಿಗೆ ಈ ವಿನಾಯಿತಿ ಸೇರಿಸೋಕೆ ಓಡಾಡಿದವರು ಮೊಂಟಾನಾದ ಆಗಿನ ಸೆನೆಟರ್ ಜಾನ್ ಟೆಸ್ಟರ್, ಸ್ವತಃ ರೈತರು. ವರ್ಷಕ್ಕೆ (2011ರ ಬೆಲೆ ಲೆಕ್ಕದಲ್ಲಿ) 5 ಲಕ್ಷ ಡಾಲರ್‌ಗಿಂತ ಕಮ್ಮಿ ಮಾರೋರು, ಅದ್ರಲ್ಲೂ ಅರ್ಧಕ್ಕಿಂತ ಜಾಸ್ತಿ ಮಾಲನ್ನ ನೇರ ತಿನ್ನೋರಿಗೆ, ಇಲ್ಲಾ ಅದೇ ರಾಜ್ಯದ ಅಥವಾ 275 ಮೈಲಿ ಒಳಗಿನ ಅಂಗಡಿ ಹೋಟೆಲ್‌ಗೆ ಕೊಡೋರಿಗೆ ಮಾತ್ರ ಅದು. ಹೊಲದ ಹೆಸರು ವಿಳಾಸ ಮಾರೋ ಜಾಗದಲ್ಲಿ ಕಾಣೋ ಹಾಗೆ ಹಾಕಲೇಬೇಕು, ರೋಗ ಹಬ್ಬಿದ್ದು ಅಲ್ಲಿಂದಲೇ ಅಂತ ಸಿಕ್ಕಿದ್ರೆ ವಿನಾಯಿತಿನ ವಾಪಸ್ ತಗೋಬಹುದು. ಅಂದ್ರೆ ಅವರ ಸೊಪ್ಪಲ್ಲಿ ಬ್ಯಾಕ್ಟೀರಿಯಾ ಇರಲ್ಲ ಅಂತಲ್ಲ, ಇದ್ರೂ ಯಾರ ಹೊಲದ್ದು ಅಂತ ಬೇಗ ಗೊತ್ತಾಗುತ್ತೆ, ಅಷ್ಟೇ. ಹತ್ತಾರು ಹೊಲದ ಎಲೆ ಒಂದೇ ತೊಟ್ಟೀಲಿ ತೊಳೆದು ಪ್ಯಾಕೆಟ್ ಮಾಡಿ ದೇಶ ಪೂರ್ತಿ ಕಳಿಸೋವಾಗ, ಒಂದು ಹೊಲದ ಕೊಳಕು ಎಷ್ಟೋ ಪ್ಯಾಕೆಟ್‌ಗೆ ಹೋಗಬಹುದು.

ಈಗ ಕಪ್ಪೆ ವಿಷಯ. 2006ರ ಸೆಪ್ಟೆಂಬರ್‌ನಲ್ಲಿ ಪ್ಯಾಕೆಟ್ ಪಾಲಕ್ ತಿಂದು ಅಮೆರಿಕದ 26 ರಾಜ್ಯಗಳಲ್ಲಿ ಸುಮಾರು 200 ಜನ ಕಾಯಿಲೆ ಬಿದ್ರು, 3 ಜನ ತೀರ್ಕೊಂಡ್ರು. ಇ. ಕೊಲೈ ಒ157 ಅನ್ನೋ ಬ್ಯಾಕ್ಟೀರಿಯಾ. ತನಿಖೆ ಮಾಡಿದವರಿಗೆ ಅದೇ ತಳಿ ಸಿಕ್ಕಿದ್ದು ಹೊಲದ ಹತ್ತಿರದ ದನದ ಸಗಣೀಲಿ, ಹೊಳೆ ನೀರಲ್ಲಿ, ಕಾಡುಹಂದಿಯಲ್ಲಿ. ಎಲೆಗೆ ಹೇಗೆ ಬಂತು ಅನ್ನೋದು ಕೊನೆಗೂ ಖಚಿತ ಆಗಲಿಲ್ಲ. ಆದ್ರೆ ಬೈಗುಳ ತಿಂದಿದ್ದು ಯಾರು? ದನ ಅಲ್ಲ, ನೀರಲ್ಲ, ಹೊಲದ ಸುತ್ತಲಿನ ಪೊದೆ, ಅದರಲ್ಲಿರೋ ಕಪ್ಪೆ ಮೊಲ. ಮುಂದಿನ ವರ್ಷ ಸೊಪ್ಪಿನ ವ್ಯಾಪಾರದವರೇ ಒಂದು ಸುರಕ್ಷತೆ ಒಪ್ಪಂದ ಮಾಡ್ಕೊಂಡ್ರು, ಅದು ಪರವಾಗಿಲ್ಲ, ದೊಡ್ಡ ದೊಡ್ಡ ಖರೀದಿದಾರರು ಅದಕ್ಕಿಂತ ಬಿಗಿಯಾದ ತಮ್ಮದೇ ಶರತ್ತು ತಂದ್ರು ನೋಡಿ, ಹೊಲದ ಸುತ್ತ ಬೋಳು ನೆಲ ಬಿಡಿ, ಬೇಲಿ ಹಾಕಿ, ಇಲಿಗೆ ವಿಷ ಇಡಿ, ಕೆರೆ ಹತ್ತಿರ ಪೊದೆ ಇರಬಾರದು. ಇಲ್ಲಾಂದ್ರೆ ಮಾಲು ಬೇಡ. ಮಾಲು ಬೇಡ ಅಂದ್ರೆ ಲೀಸಿಗೆ ಹೊಲ ಮಾಡೋನು ಏನು ಮಾಡ್ತಾನೆ, ಕಡೀತಾನೆ. 2005ರಿಂದ 2009ರೊಳಗೆ ಕ್ಯಾಲಿಫೋರ್ನಿಯಾದಲ್ಲಿ ಸೊಪ್ಪು ಬೆಳೆಯೋ ಸಲೀನಾಸ್ ಕಣಿವೇಲಿ ಉಳಿದಿದ್ದ ಹೊಳೆದಂಡೆ ಹಸಿರಲ್ಲಿ 13.3 ಪರ್ಸೆಂಟ್ ನಾಶ ಆಯ್ತು, ಇಲ್ಲಾ ಹಾಳಾಯ್ತು.

ತಮಾಷೆ ಅಂದ್ರೆ ಸರ್ಕಾರದ ಕೃಷಿ ಇಲಾಖೆ ಒಂದು ಕಡೆಯಿಂದ ಅದೇ ರೈತರಿಗೆ ಬದುವಿನ ಮೇಲೆ ಗಿಡ ನೆಡೋಕೆ ದುಡ್ಡು ಕೊಡ್ತಾ ಇತ್ತು. ಒಬ್ಬರ ದುಡ್ಡಲ್ಲಿ ನೆಟ್ಟಿದ್ದನ್ನ ಖರೀದಿದಾರರ ಆಡಿಟರ್ ಬಂದು ಕೀಳಿ ಅಂತಾನೆ.

ಸರಿ, ಕಡಿದ್ರೂ ಸೊಪ್ಪು ಸೇಫ್ ಆಯ್ತಲ್ಲ ಅಂತೀರೇನೋ. ಆಗಲಿಲ್ಲ. 2015ರಲ್ಲಿ ಬಂದ ಒಂದು ಅಧ್ಯಯನ ಅಮೆರಿಕ, ಮೆಕ್ಸಿಕೊ, ಚಿಲಿಯ 295 ಹೊಲಗಳ ಸುಮಾರು ಎರಡೂವರೆ ಲಕ್ಷ ಟೆಸ್ಟ್ ತೆಗೆದು ನೋಡ್ತು, ಪೊದೆ ಕಿತ್ತ ಹೊಲಗಳಲ್ಲಿ ರೋಗಾಣು ಕಮ್ಮಿ ಆಗಿರಲಿಲ್ಲ, ಎಲ್ಲಕ್ಕಿಂತ ಜಾಸ್ತಿ ಏರಿದ್ದೇ ಅಂಥ ಕಡೆ. ನನಗೆ ಇದರಲ್ಲಿ ದೊಡ್ಡ ಆಶ್ಚರ್ಯ ಕಾಣಲಿಲ್ಲ, ಹೊಲಕ್ಕೂ ದನ ಮೇಯೋ ಜಾಗಕ್ಕೂ ನಡುವೆ ಹುಲ್ಲು ಪೊದೆ ಇದ್ರೆ ಮಳೆ ನೀರು ಸಗಣಿ ಹೊತ್ಕೊಂಡು ನೇರ ಸೊಪ್ಪಿಗೆ ನುಗ್ಗಲ್ಲ, ಅಲ್ಲೇ ಸೋಸಿ ಹೋಗುತ್ತೆ. ಕಾಡುಹಂದಿ ಬೇರೆ ವಿಷಯ, ಅದಕ್ಕೆ ಬೇಲಿ ಬೇಕು, ಒಪ್ತೀನಿ.

2018ರಲ್ಲಿ ಅರಿಜೋನಾದ ಯೂಮಾ ಕಡೆಯ ರೊಮೇನ್ ಲೆಟ್ಯೂಸ್ ತಿಂದು 210 ಜನ ಕಾಯಿಲೆ ಬಿದ್ರು, 5 ಜನ ಸತ್ರು. ಆಗ ಬ್ಯಾಕ್ಟೀರಿಯಾ ಸಿಕ್ಕಿದ್ದು ಹೊಲಕ್ಕೆ ನೀರು ಬಿಡೋ ಕಾಲುವೇಲಿ, ಕಾಲುವೆ ಪಕ್ಕದಲ್ಲೇ ಲಕ್ಷಕ್ಕೂ ಮೇಲೆ ದನ ಹಿಡಿಸೋ ಫೀಡ್‌ಲಾಟ್, ಅಂದ್ರೆ ದನಗಳನ್ನ ಕೂಡಿ ಹಾಕಿ ಮೇವು ಹಾಕಿ ಕೊಬ್ಬಿಸೋ ಜಾಗ. ಆ ಫೀಡ್‌ಲಾಟ್ ಜಾಗ ಬದಲಾಯಿಸಿ ಅನ್ನೋದು ಕಷ್ಟ, ಸಣ್ಣ ರೈತನಿಗೆ ನಿನ್ನ ಬದು ಬೋಳಿಸು ಅನ್ನೋದು ಸುಲಭ. ನಮ್ಮ ಸಿಟ್ಟಿರೋದು ಇದಕ್ಕೆ, ಸುರಕ್ಷತೆ ಮೇಲಲ್ಲ.

ಆ 2011ರ ಕಾನೂನಿನಡಿ 2015ರಲ್ಲಿ ಬಂದ ನಿಯಮದಲ್ಲಂತೂ ಪ್ರಾಣಿಗಳನ್ನ ಹೊರಗಿಡೋಕೆ ಹೊಲದ ಅಂಚು ಸವರಬೇಕು, ಅವುಗಳ ನೆಲೆ ಕೆಡವಬೇಕು ಅಂತ ಏನೂ ಇಲ್ಲ ಅಂತ ಬಿಡಿಸಿ ಬರೆದಿದ್ದಾರೆ. ಕೊಯ್ಯೋ ಮುಂಚೆ ಹೊಲ ನೋಡಿ, ಹಿಕ್ಕೆ ಬಿದ್ದಿದ್ರೆ ಅಲ್ಲಿ ಕೊಯ್ಯಬೇಡಿ, ಅಷ್ಟು. ಆದ್ರೆ ಖರೀದಿದಾರನ ಕಾಗದದಲ್ಲಿ ಬೇರೆ ಶರತ್ತಿದ್ರೆ ರೈತ ಕೇಳೋದು ಆ ಕಾಗದದ ಮಾತೇ.

ಕೊನೇಲಿ ಹಾಗಾದ್ರೆ ಸೊಪ್ಪು ತಿನ್ನಲೋ ಬೇಡವೋ ಅಂತ ಕೇಳಿದೀರಿ. ತಿನ್ನಿ ಮೇಡಂ. ತೊಳೆದ್ರೆ ಈ ಬ್ಯಾಕ್ಟೀರಿಯಾ ಪೂರ್ತಿ ಹೋಗಲ್ಲ, ಚೆನ್ನಾಗಿ ಬೇಯಿಸಿದ್ರೆ ಸಾಯುತ್ತೆ.

– ಸಂ.