ಕ್ಲಿಪ್ ಹಾಕಿಸಿದ ಹಲ್ಲಿಗೆ ಎಲೆಕ್ಟ್ರಿಕ್ ಬ್ರಷ್ ಬೇಕಾ?

ಮಗಳಿಗೆ 14 ವರ್ಷ, ಹಲ್ಲಿಗೆ ಕ್ಲಿಪ್ ಹಾಕಿಸಿದ ಮೇಲೆ ವಸಡು ಊದಿಕೊಂಡಿದೆ, ಉಜ್ಜುವಾಗ ರಕ್ತ ಬರುತ್ತಿದೆ, ಎಲೆಕ್ಟ್ರಿಕ್ ಬ್ರಷ್ ಕೊಡಿಸಿದರೆ ಸರಿಹೋಗುತ್ತದಾ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ಕೆಲಸಕ್ಕೆ ಸೇರಿದ ಮೇಲೆ ಕ್ಲಿಪ್ ಹಾಕಿಸಿಕೊಂಡವನು, ಎರಡೂ ಥರದ ಬ್ರಷ್ ಬಳಸಿದ್ದೇನೆ. ನನ್ನನ್ನು ಕೇಳಿದರೆ, ಸಾವಿರಾರು ರೂಪಾಯಿಯ ಬ್ರಷ್‌ಗೆ ಮೊದಲು ಒಂದು ಪ್ಯಾಕೆಟ್ ಇಂಟರ್‌ಡೆಂಟಲ್ ಬ್ರಷ್, ಅಂದರೆ ಹಲ್ಲಿನ ಸಂದಿಗೆ ಹೋಗುವ ಪುಟ್ಟ ಬ್ರಷ್, ತನ್ನಿ.

ಯಾಕೆ ಅಂದರೆ, ತೊಂದರೆ ಇರುವ ಜಾಗ ಬಹಳ ಚಿಕ್ಕದು. ಬ್ರಾಕೆಟ್‌ಗೂ (ತಂತಿ ಹಿಡಿಯಲು ಹಲ್ಲಿಗೆ ಅಂಟಿಸಿದ ಸಣ್ಣ ತುಂಡು) ವಸಡಿಗೂ ನಡುವೆ ಇರುವ ಸಣ್ಣ ಪಟ್ಟಿ ಮತ್ತು ತಂತಿಯ ಹಿಂದಿನ ಸಂದು. ಪ್ಲಾಕ್, ಅಂದರೆ ಹಲ್ಲಿಗೆ ಅಂಟಿಕೊಳ್ಳುವ ಬ್ಯಾಕ್ಟೀರಿಯಾದ ಲೋಳೆ ಪದರ, ಅಲ್ಲೇ ಕೂರುತ್ತದೆ. ವಸಡು ಊದಿದಷ್ಟೂ ಆ ಪಟ್ಟಿ ಇನ್ನೂ ಕಿರಿದಾಗಿ ಬ್ರಷ್ ಹೋಗುವುದು ಮತ್ತಷ್ಟು ಕಷ್ಟ. ಬಾಟಲಿ ತೊಳೆಯುವ ಬ್ರಷ್ಷಿನ ಮರಿಯಂತಿರುವ ಇಂಟರ್‌ಡೆಂಟಲ್ ಬ್ರಷ್ ತಂತಿಯ ಕೆಳಗೆ ನುಗ್ಗುತ್ತದೆ. ಈ ಕೆಲಸ ದೊಡ್ಡ ಬ್ರಷ್‌ನಿಂದ ಪೂರ್ತಿ ಆಗುವುದಿಲ್ಲ, ಅದು ಬ್ಯಾಟರಿಯದ್ದಾದರೂ ಅಷ್ಟೇ.

ಹಾಗಂತ ಎಲೆಕ್ಟ್ರಿಕ್ ಬ್ರಷ್ ಸುಮ್ನೆ ಶೋಕಿ ಅಂತಲೂ ಹೇಳುವುದಿಲ್ಲ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2014ರ ವಿಮರ್ಶೆ ಹತ್ತಾರು ಪ್ರಯೋಗಗಳನ್ನು ಒಟ್ಟಿಗೆ ನೋಡಿತ್ತು. ಎಲೆಕ್ಟ್ರಿಕ್ ಬ್ರಷ್ ಅನ್ನು ಮೂರು ತಿಂಗಳಿಗಿಂತ ಜಾಸ್ತಿ ಬಳಸಿದವರಲ್ಲಿ, ಕೈಬ್ರಷ್ ಬಳಸಿದವರಿಗಿಂತ ಪ್ಲಾಕ್ ಸುಮಾರು 21%, ವಸಡಿನ ಉರಿಯೂತ ಸುಮಾರು 11% ಕಡಿಮೆ ಇತ್ತು. ಆದರೆ ಅದು ಸಾಮಾನ್ಯ ಜನರ ಲೆಕ್ಕ. ಕ್ಲಿಪ್ ಹಾಕಿದವರ ಮೇಲೆ ನಡೆದ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಕೆಲವದರಲ್ಲಿ ಎಲೆಕ್ಟ್ರಿಕ್ ಮುಂದೆ, ಕೆಲವದರಲ್ಲಿ ಎರಡೂ ಸಮ.

ನನಗೆ ಎಲೆಕ್ಟ್ರಿಕ್ ಬ್ರಷ್‌ನಲ್ಲಿ ನಿಜವಾಗಿ ಅನುಕೂಲ ಆಗಿದ್ದು ಟೈಮರ್. ಎರಡು ನಿಮಿಷ ಎಷ್ಟು ಉದ್ದ ಅಂತ ಗೊತ್ತಾಗುವುದು ಆಗಲೇ! ಜಾಸ್ತಿ ಒತ್ತಿದರೆ ಎಚ್ಚರಿಸುವ ಸೆನ್ಸರ್ ಇರುವ ಮಾದರಿಯಾದರೆ ಇನ್ನೂ ಒಳ್ಳೆಯದು. ಸ್ಕೂಲ್ ಬಸ್‌ಗೆ ಓಡುವ ಮಕ್ಕಳು ಬಾಯಲ್ಲಿ ನೊರೆ ಬಂದ ತಕ್ಷಣ ಮುಗಿಸಿಬಿಡುತ್ತಾರೆ ಅಲ್ವಾ? ನಿಮ್ಮ ಮಗಳೂ ಹಾಗೆಯೇ ಆದರೆ ಕೊಡಿಸಿ, ದುಡ್ಡು ದಂಡ ಅಲ್ಲ. ಕ್ಲಿಪ್‌ಗೆ ಅಂತಲೇ ಬರುವ ಹೆಡ್ ಸಿಕ್ಕರೆ ಅದನ್ನೇ ತಗೊಳ್ಳಿ. ಹೆಡ್ ಬದಲಿಸುವ ಖರ್ಚನ್ನೂ ಲೆಕ್ಕಕ್ಕಿಡಿ. ಮೂರು ತಿಂಗಳಿಗೊಮ್ಮೆ ಅನ್ನುತ್ತಾರೆ, ಆದರೆ ಬ್ರಾಕೆಟ್‌ಗೆ ತಾಗಿ ಎಳೆಗಳು ಬೇಗನೇ ಕೆದರುತ್ತವೆ.

ತಾಳ್ಮೆ ಇರುವ ಹುಡುಗಿಯಾದರೆ ನಡುವೆ ಹಳ್ಳ ಇರುವ ಆರ್ಥೊ ಬ್ರಷ್, ಅಂದರೆ ಕ್ಲಿಪ್ ಹಾಕಿದವರಿಗೆ ಅಂತಲೇ ಬರುವ ಕೈಬ್ರಷ್, ಸಾಕು. ಮೆತ್ತನೆಯ ಎಳೆಗಳನ್ನು 45 ಡಿಗ್ರಿ ಓರೆಯಾಗಿ ವಸಡಿನ ಅಂಚಿಗೆ ಇಟ್ಟು ಸಣ್ಣದಾಗಿ ಆಡಿಸಬೇಕು. ಒಮ್ಮೆ ಬ್ರಾಕೆಟ್‌ನ ಮೇಲಿಂದ, ಒಮ್ಮೆ ಕೆಳಗಿಂದ. ಪೇಸ್ಟ್‌ನಲ್ಲಿ ಫ್ಲೋರೈಡ್ ಇರಲಿ. ಇಲ್ಲದಿದ್ದರೆ ಕ್ಲಿಪ್ ತೆಗೆದ ದಿನ ಬ್ರಾಕೆಟ್ ಸುತ್ತ ಬಿಳಿ ಮಚ್ಚೆ ಕಾಣುವ ಸಾಧ್ಯತೆ ಜಾಸ್ತಿ. ರಾತ್ರಿಯ ಉಜ್ಜುವಿಕೆ ಮಾತ್ರ ತಪ್ಪಲೇಬಾರದು. ಇಂಟರ್‌ಡೆಂಟಲ್ ಬ್ರಷ್ ಕೂಡ ಆಗಲೇ ಬಳಸಲಿ, ಬೆಳಿಗ್ಗೆ ಯಾರಿಗೂ ಪುರಸೊತ್ತಿರುವುದಿಲ್ಲ.

ಇನ್ನೊಂದು ಮಾತು. ರಕ್ತ ಬರುತ್ತದೆ ಅಂತ ಹೆದರಿ ಆ ಜಾಗ ಬಿಟ್ಟು ಉಜ್ಜುವವರೇ ಜಾಸ್ತಿ. ಹಾಗೆ ಬಿಟ್ಟಲ್ಲೇ ಪ್ಲಾಕ್ ಕೂತು ಊತ ಏರುತ್ತದೆ. ಮೆಲ್ಲಗೆ, ಆದರೆ ಬಿಡದೆ ಉಜ್ಜಲು ಹೇಳಿ. ಮೆಡಿಕಲ್ ಶಾಪ್‌ನಲ್ಲಿ ನೀವೇ ಕ್ಲೋರ್‌ಹೆಕ್ಸಿಡಿನ್ (ಬ್ಯಾಕ್ಟೀರಿಯಾ ಕೊಲ್ಲುವ ಔಷಧ) ಇರುವ ಮೌತ್‌ವಾಶ್ ತಂದು ತಿಂಗಳುಗಟ್ಟಲೆ ಬಳಸಬೇಡಿ, ಹಲ್ಲಿಗೆ ಕಂದು ಕಲೆ ಹಿಡಿಯುತ್ತದೆ. ಎರಡು ವಾರ ಸರಿಯಾಗಿ ಉಜ್ಜಿದರೂ ಊತ ಇಳಿಯದಿದ್ದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯದೆ ಡಾಕ್ಟರ್‌ಗೆ ಫೋನ್ ಮಾಡಿ. ಪ್ಲಾಕ್ ಗಟ್ಟಿಯಾಗಿ ಕೂತಿದ್ದರೆ ಸ್ಕೇಲಿಂಗ್, ಅಂದರೆ ಡಾಕ್ಟರ್ ಹತ್ತಿರ ಹಲ್ಲು ಕ್ಲೀನಿಂಗ್, ಮಾಡಿಸಬೇಕು, ಅದನ್ನು ಯಾವ ಬ್ರಷ್ಷೂ ಕೀಳುವುದಿಲ್ಲ. ಕ್ಲಿಪ್ ಇದ್ದಾಗಲೂ ಸ್ಕೇಲಿಂಗ್ ಮಾಡಬಹುದು.